ರಾತ್ರಿ ಡ್ರೈವಿಂಗಿಗೆ ಯಾವ ಹಾಡು ಹಾಕಲಿ?

ಪ್ರಶ್ನೆ: ನಾನು ಬೆಂಗಳೂರಿನಲ್ಲಿ ಕೆಲಸ ಮಾಡುತ್ತೇನೆ. ತಿಂಗಳಿಗೊಮ್ಮೆ ಶುಕ್ರವಾರ ಆಫೀಸ್ ಮುಗಿಸಿ, ರಾತ್ರಿ ಹತ್ತರ ಹೊತ್ತಿಗೆ ಹೆಂಡತಿ ಮತ್ತು ಏಳು ವರ್ಷದ ಮಗಳ ಜೊತೆ ಕಾರಿನಲ್ಲಿ ಪುತ್ತೂರಿಗೆ ಹೊರಡುತ್ತೇನೆ. ಶಿರಾಡಿ ಘಾಟಿಯ ದಾರಿ. ಹಾಡಿಲ್ಲದೆ ಗಾಡಿ ಓಡಿಸೋಕೆ ನನ್ನಿಂದ ಆಗಲ್ಲ, ಅದರಲ್ಲೂ ಬೀಟ್ ಜೋರಾಗಿರುವ ಸಿನಿಮಾ ಹಾಡುಗಳೇ ಬೇಕು. ಹೆಂಡತಿ "ಗಮನ ತಪ್ಪುತ್ತೆ, ಆಫ್ ಮಾಡಿ" ಅಂತಾಳೆ. ಮಾವ "ಹಳೇ ಹಾಡು ಮಾತ್ರ ಹಾಕ್ಬೇಡಿ, ನಿದ್ದೆ ಎಳೆಯುತ್ತೆ" ಅಂತಾರೆ, ತಾವು ಜೊತೆಗೆ ಬಂದಾಗ ತಾಳಮದ್ದಳೆ (ವೇಷ, ಕುಣಿತ ಇಲ್ಲದೆ ಕೂತು ಮಾತಾಡುವ ಯಕ್ಷಗಾನ) ಹಾಕಿಸುತ್ತಾರೆ. ಬೇಸ್ ಜಾಸ್ತಿ ಇಟ್ಟು ಕಿಟಕಿ ಸ್ವಲ್ಪ ಇಳಿಸಿದರೆ ನಿದ್ದೆ ಹತ್ತಿರ ಸುಳಿಯಲ್ಲ ಅನ್ನೋದು ಆಫೀಸಿನ ಗೆಳೆಯನ ವಾದ. ಮನೆಯವರು ಮಲಗಿದ ಮೇಲೆ ನಾನು ಇಯರ್‌ಬಡ್ ಹಾಕಿಕೊಳ್ಳಬಹುದಾ? ಕಳೆದ ಸಲ ಹಾಸನ ದಾಟಿದ ಮೇಲೆ ಮೂರ್ನಾಲ್ಕು ಹಾಡು ಯಾವಾಗ ಮುಗಿದವು ಅಂತಲೇ ಗೊತ್ತಾಗಲಿಲ್ಲ, ಅಷ್ಟು ಮುಳುಗಿದ್ದೆ. ರಾತ್ರಿ ಪ್ರಯಾಣಕ್ಕೆ ಪ್ಲೇಲಿಸ್ಟ್ ಹೇಗಿರಬೇಕು, ಹೇಳಿ.

ಉತ್ತರ: ನೀವು ಕೊನೆಯಲ್ಲಿ ಸುಮ್ನೆ ಹೇಳಿ ಬಿಟ್ಟ ಸಾಲಿನಿಂದಲೇ ಶುರು ಮಾಡುತ್ತೇನೆ. ಮೂರ್ನಾಲ್ಕು ಹಾಡು ಮುಗಿದದ್ದು ಗೊತ್ತಾಗಲಿಲ್ಲ ಅಂದಿರಿ. ಹಾಡಿನಲ್ಲಿ ಮುಳುಗಿದ್ದೆ ಅಂತ ಅದಕ್ಕೆ ಕಾರಣವನ್ನೂ ಕೊಟ್ಟಿರಿ. ಹಾಡಿನಲ್ಲಿ ಮುಳುಗಿದವರಿಗೆ ಹಾಡು ನೆನಪಿರುತ್ತದೆ, ಅಲ್ವಾ? ನಿಮಗೆ ಹಾಡೂ ನೆನಪಿಲ್ಲ. ಆ ಹದಿನೈದು ನಿಮಿಷದ ರಸ್ತೆಯಾದರೂ ನೆನಪಿದೆಯಾ, ಒಮ್ಮೆ ಯೋಚಿಸಿ ನೋಡಿ. ಒಂದೇ ಥರದ ರಸ್ತೆಯಲ್ಲಿ ಮನಸ್ಸು ಎಲ್ಲೋ ಹೋಗಿ ಕೈಕಾಲು ತಾವೇ ಗಾಡಿ ಓಡಿಸುವುದು ಹಗಲಿನಲ್ಲೂ ಉಂಟು. ಆದರೆ ಇಡೀ ದಿನ ಕೆಲಸ ಮಾಡಿದ ಮನುಷ್ಯನಿಗೆ ರಾತ್ರಿ ಒಂದೂವರೆಗೆ, ತನಗೆ ಇಷ್ಟವಾದ ಹಾಡು, ಜೋರು ದನಿಯಲ್ಲಿ, ಕಿವಿಗೆ ಬೀಳಲಿಲ್ಲ ಅಂದರೆ ಅದು ತೂಕಡಿಕೆ ಅಂತಲೇ ನಾನು ಲೆಕ್ಕ ಹಾಕುವುದು. ಬಸ್, ಕ್ಯಾಬ್ ಚಾಲಕರಿಗೆ ತರಬೇತಿ ಕೊಡುವುದು ನನ್ನ ಕೆಲಸ. "ನಿದ್ದೆ ಬಂದಿತ್ತು" ಅಂತ ಒಪ್ಪಿಕೊಳ್ಳುವ ಚಾಲಕರು ಕಡಿಮೆ. "ಹಾಡು ಕೇಳ್ತಾ ಇದ್ದೆ, ಟೋಲ್ ಯಾವಾಗ ಬಂತೋ ಗೊತ್ತಾಗಲಿಲ್ಲ" ಅನ್ನುವವರು ಬೇಕಾದಷ್ಟು ಸಿಗುತ್ತಾರೆ.

ಈಗ ಮೂವರ ವಾದ ನೋಡೋಣ. ಮಾವನವರಿಂದ ಶುರು ಮಾಡೋಣ, ದೊಡ್ಡವರು.

ಹಳೇ ಹಾಡು ನಿದ್ದೆ ತರಿಸುತ್ತದೆ ಅನ್ನುವ ಮಾತು ಲಾರಿಯವರಲ್ಲೂ ಇದೆ, ಬಸ್ಸಿನವರಲ್ಲೂ ಇದೆ. ಒಂದು ಸಣ್ಣ ಪರೀಕ್ಷೆ ಮಾಡಿ. ಚೆನ್ನಾಗಿ ಮಲಗಿ ಎದ್ದ ಭಾನುವಾರ ಬೆಳಗ್ಗೆ ಹತ್ತಕ್ಕೆ ಪಿ.ಬಿ. ಶ್ರೀನಿವಾಸ್ ಹಾಡು ಹಾಕಿಕೊಂಡು ಗಾಡಿ ಓಡಿಸಿ. ನಿದ್ದೆ ಬರುವುದಿಲ್ಲ. ಅದೇ ಹಾಡು ರಾತ್ರಿ ಎರಡಕ್ಕೆ ಕಣ್ಣು ಎಳೆಯುತ್ತದೆ. ಅಂದರೆ ನಿದ್ದೆ ಆಗಲೇ ಮೈಯಲ್ಲಿತ್ತು. ಜೋರು ಹಾಡು ಅದನ್ನು ಮರೆಮಾಡಿತ್ತು, ನಿಧಾನದ ಹಾಡು ಬಂದ ಕೂಡಲೇ ಅದು ಹೊರಗೆ ಕಾಣಿಸಿತು. ಒಂದು ರೀತಿಯಲ್ಲಿ ಹಳೇ ಹಾಡು ನಿಮಗೆ ನಿಜ ಹೇಳುತ್ತಿದೆ. ನಮ್ಮ ದೇಹದ ಗಡಿಯಾರ ರಾತ್ರಿ ಎರಡರಿಂದ ಬೆಳಗಿನ ಜಾವದವರೆಗೆ, ಮತ್ತೆ ಮಧ್ಯಾಹ್ನ ಎರಡರಿಂದ ನಾಲ್ಕರ ಹೊತ್ತಿಗೆ ಇಳಿಮುಖ ಆಗಿರುತ್ತದೆ. ಹತ್ತಕ್ಕೆ ಬೆಂಗಳೂರು ಬಿಟ್ಟು, ನೆಲಮಂಗಲ ದಾಟಿ, ದಾರಿಯಲ್ಲಿ ಒಂದು ಕಡೆ ಊಟಕ್ಕೋ ಟೀಗೋ ನಿಲ್ಲಿಸಿ ಹೋದರೆ ಹಾಸನ ಒಂದೂವರೆ, ಸಕಲೇಶಪುರ ಎರಡು ಕಾಲು. ದೇಹ ಎಲ್ಲಕ್ಕಿಂತ ಕೆಳಗಿಳಿದಿರುವ ಹೊತ್ತಿಗೆ ಸರಿಯಾಗಿ ನೀವು ಶಿರಾಡಿ ಇಳಿಯೋಕೆ ಶುರು ಮಾಡುತ್ತೀರಿ. ಇಡೀ ದಾರಿಯಲ್ಲಿ ಜಾಸ್ತಿ ಎಚ್ಚರ ಬೇಕಾದ ಜಾಗ ಅದೇ.

ಗೆಳೆಯನ ಬೇಸ್ ಮತ್ತು ಕಿಟಕಿ ಉಪಾಯಕ್ಕೆ ಬಂದರೆ, ಇದನ್ನು ಇಂಗ್ಲೆಂಡಿನ ಲಫ್‌ಬರೊ ವಿಶ್ವವಿದ್ಯಾಲಯದ ನಿದ್ರೆ ಸಂಶೋಧಕರು ನೇರವಾಗಿಯೇ ಪರೀಕ್ಷಿಸಿದ್ದಾರೆ. ನಿದ್ದೆ ಕಡಿಮೆ ಮಾಡಿಸಿದ ಚಾಲಕರನ್ನು ಸಿಮ್ಯುಲೇಟರಿನಲ್ಲಿ, ಅಂದರೆ ರಸ್ತೆಯನ್ನು ಪರದೆಯ ಮೇಲೆ ತೋರಿಸುವ ನಕಲಿ ಕಾರಿನಲ್ಲಿ ಕೂರಿಸಿ, ಒಮ್ಮೆ ಮುಖಕ್ಕೆ ತಣ್ಣನೆ ಗಾಳಿ ಬಿಟ್ಟರು, ಒಮ್ಮೆ ರೇಡಿಯೊ ಹಾಕಿದರು. 1998ರಲ್ಲಿ ಅದರ ಫಲಿತಾಂಶ ಪ್ರಕಟವಾಯಿತು. ಎರಡರಿಂದಲೂ ಸ್ವಲ್ಪ ಹೊತ್ತು ಸ್ವಲ್ಪ ಪ್ರಯೋಜನ, ಆಮೇಲೆ ಮತ್ತೆ ಅದೇ ತೂಕಡಿಕೆ. ಜ್ವರ ಬಂದವರ ಹಣೆಗೆ ಒದ್ದೆ ಬಟ್ಟೆ ಹಾಕಿದ ಹಾಗೆ, ಹಣೆ ತಂಪಾಗುತ್ತದೆ, ಜ್ವರ ಅಲ್ಲೇ ಇರುತ್ತದೆ. ನನ್ನ ಅನುಭವದಲ್ಲಿ ಅಪಾಯ ಇರುವುದು ಆ ಸ್ವಲ್ಪ ಹೊತ್ತಿನ ಪ್ರಯೋಜನದಲ್ಲೇ. "ಈಗ ಫ್ರೆಶ್ ಆದೆ" ಅಂದುಕೊಂಡು ಚಾಲಕ ನಿಲ್ಲಿಸಬೇಕಾದ ಜಾಗ ದಾಟಿಬಿಡುತ್ತಾನೆ. ಕಣ್ಣು ತೆರೆದೇ ಇದ್ದು ಮಿದುಳು ಮೂರ್ನಾಲ್ಕು ಸೆಕೆಂಡು ಮಲಗಿಬಿಡುವುದು ಉಂಟು. ಗಂಟೆಗೆ 80 ಕಿ.ಮೀ. ವೇಗದಲ್ಲಿ ನಾಲ್ಕು ಸೆಕೆಂಡು ಅಂದರೆ ಸುಮಾರು 90 ಮೀಟರ್. ಸ್ಪೀಕರ್ ಎಷ್ಟು ದೊಡ್ಡದಿದ್ದರೂ ಆ ನಾಲ್ಕು ಸೆಕೆಂಡು ಅದು ಯಾರಿಗೂ ಕೇಳುವುದಿಲ್ಲ.

ಇನ್ನು ನಿಮ್ಮ ಮನೆಯವರ ಮಾತು, ಹಾಡಿನಿಂದ ಗಮನ ತಪ್ಪುತ್ತದೆ ಅನ್ನೋದು. ಇದು ಹೊಸ ಜಗಳವೇನೂ ಅಲ್ಲ. ಮೊಟೊರೊಲಾ ಅನ್ನುವ ಹೆಸರು 1930ರಲ್ಲಿ ಹುಟ್ಟಿದ್ದೇ ಕಾರ್ ರೇಡಿಯೊಗಾಗಿ, ಮತ್ತು ಆ ದಶಕದಲ್ಲೇ ಅಮೆರಿಕದಲ್ಲಿ ಕಾರಿನೊಳಗೆ ರೇಡಿಯೊ ಇರಬೇಕೋ ಬೇಡವೋ ಅಂತ ವಾದ ಆಗಿತ್ತು. ಅರ್ಧ ಅವರು ಸರಿ, ಅರ್ಧ ನೀವು ಸರಿ ಅಂತ ಹೇಳಬೇಕಾಗುತ್ತದೆ. ತಪ್ಪಿಸಿಕೊಳ್ಳೋಕೆ ಹೇಳುತ್ತಿಲ್ಲ, ವಿಷಯ ಹಾಗೇ ಇದೆ.

ಯರ್ಕ್ಸ್ ಮತ್ತು ಡಾಡ್ಸನ್ ಅನ್ನುವ ಇಬ್ಬರು ಮನಶ್ಶಾಸ್ತ್ರಜ್ಞರು 1908ರಲ್ಲೇ ಒಂದು ಸಂಗತಿ ಗುರುತಿಸಿದ್ದರು. ಉತ್ತೇಜನ ತೀರಾ ಕಡಿಮೆ ಆದರೂ ಕೆಲಸ ಕೆಡುತ್ತದೆ, ತೀರಾ ಜಾಸ್ತಿ ಆದರೂ ಕೆಡುತ್ತದೆ, ಕೆಲಸ ಕಷ್ಟದ್ದಾದಷ್ಟೂ ತಡೆದುಕೊಳ್ಳಬಲ್ಲ ಉತ್ತೇಜನ ಕಡಿಮೆ. ಇದನ್ನು ನಿಮ್ಮ ದಾರಿಗೆ ಹಾಕಿ ನೋಡಿ. ಕುಣಿಗಲ್‌ನಿಂದ ಚನ್ನರಾಯಪಟ್ಟಣದ ಕಡೆಗೆ ನೇರ ರಸ್ತೆ, ಮಧ್ಯೆ ಡಿವೈಡರ್, ರಾತ್ರಿ ಹನ್ನೊಂದೂವರೆ. ಅಲ್ಲಿ ಮಿದುಳಿಗೆ ಕೆಲಸವೇ ಇಲ್ಲ. ಹಾಡು ಇದ್ದರೆ ಒಳ್ಳೆಯದು. ನೆದರ್‌ಲೆಂಡ್ಸ್‌ನ ಗ್ರೋನಿಂಗೆನ್ ವಿಶ್ವವಿದ್ಯಾಲಯದವರು ಸಿಮ್ಯುಲೇಟರಿನಲ್ಲಿ ನೋಡಿದಾಗಲೂ ಬೇಸರದ ರಸ್ತೆಯಲ್ಲಿ ಸಂಗೀತದಿಂದ ಚಾಲನೆ ಕೆಡಲಿಲ್ಲ, ಮುಂದಿನ ಗಾಡಿಯನ್ನು ಗಮನಿಸಿ ಹಿಂಬಾಲಿಸುವುದರಲ್ಲಿ ಸ್ವಲ್ಪ ಅನುಕೂಲವೇ ಆಯಿತು. ಅದೇ ಹಾಡನ್ನು ಗೊರಗುಂಟೆಪಾಳ್ಯದ ಟ್ರಾಫಿಕ್ಕಿನಲ್ಲೋ ಶಿರಾಡಿಯ ತಿರುವಿನಲ್ಲೋ ಹಾಕಿದರೆ ಲೆಕ್ಕ ಉಲ್ಟಾ. ಗೊತ್ತಿಲ್ಲದ ವಿಳಾಸ ಹುಡುಕುವಾಗ, ಇಕ್ಕಟ್ಟಿನಲ್ಲಿ ರಿವರ್ಸ್ ತೆಗೆಯುವಾಗ ನಮ್ಮ ಕೈ ತಾನಾಗಿ ವಾಲ್ಯೂಮ್ ಕಡೆಗೆ ಹೋಗುತ್ತದಲ್ಲ, ಅದು ದೇಹಕ್ಕೆ ಗೊತ್ತಿರುವ ಬುದ್ಧಿ. ಅದನ್ನು ಕೇಳಿ.

ನಿಮಗೆ ಇಷ್ಟವಾದ ಬೀಟ್ ಹಾಡುಗಳ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕು. ಇಸ್ರೇಲಿನ ಬೆನ್-ಗುರಿಯನ್ ವಿಶ್ವವಿದ್ಯಾಲಯದ ವಾರನ್ ಬ್ರಾಡ್‌ಸ್ಕಿ ಅನ್ನುವವರು ಸಂಗೀತ ಮತ್ತು ಡ್ರೈವಿಂಗ್ ಬಗ್ಗೆಯೇ ಬಹಳ ಕೆಲಸ ಮಾಡಿದ್ದಾರೆ. ಸಿಮ್ಯುಲೇಟರಿನಲ್ಲಿ ವಿದ್ಯಾರ್ಥಿಗಳಿಗೆ ಬೇರೆ ಬೇರೆ ಲಯದ ಸಂಗೀತ ಕೇಳಿಸಿದರು. ಲಯ ಹೆಚ್ಚಿದ ಹಾಗೆ ಗಾಡಿಯ ವೇಗವೂ ಹೆಚ್ಚಿತು, ವೇಗದ ಸಂಗೀತ ಇದ್ದಾಗ ಕೆಂಪು ದೀಪ ದಾಟಿದ್ದು, ಡಿಕ್ಕಿ ಹೊಡೆದದ್ದು ಜಾಸ್ತಿಯಾಯಿತು. ಆಮೇಲೆ 2013ರಲ್ಲಿ ಹೊಸದಾಗಿ ಗಾಡಿ ಕಲಿತ 85 ಯುವಕ ಯುವತಿಯರನ್ನು ನಿಜವಾದ ರಸ್ತೆಯಲ್ಲೇ ನೋಡಿದರು. ತಾವೇ ಆರಿಸಿ ತಂದ ಇಷ್ಟದ ಹಾಡು ಹಾಕಿಕೊಂಡಾಗ ಅವರ ತಪ್ಪುಗಳು ಹೆಚ್ಚಿದವು, ಅವರಿಗೆ ಖುಷಿಯಂತೂ ಬಹಳ ಇತ್ತು. ಹಿನ್ನೆಲೆಗೆ ಅಂತಲೇ ಮಾಡಿಸಿದ ಸಪ್ಪೆ ಸಂಗೀತ ಹಾಕಿದಾಗ ತಪ್ಪು ಕಡಿಮೆಯಾಯಿತು. ಇದು ಎಳೆಯ ಚಾಲಕರ ಕಥೆ, ನಿಮಗೆ ಪೂರ್ತಿ ಅನ್ವಯಿಸುತ್ತದೆ ಅಂತ ಹೇಳಲಾರೆ. ಆದರೆ ನಾನು ಪಕ್ಕದ ಸೀಟಿನಲ್ಲಿ ಕೂತು ನೋಡಿದ್ದೂ ಇದನ್ನೇ. ಪಲ್ಲವಿ ಜೋರಾಗುವಾಗ ಆಕ್ಸಿಲರೇಟರ್ ಮೇಲಿನ ಕಾಲು ಇಳಿಯುತ್ತದೆ. ಚಾಲಕನಿಗೆ ಅದು ಗೊತ್ತೇ ಇರುವುದಿಲ್ಲ, ಮುಳ್ಳು ತೋರಿಸಿದರೆ "ಅಯ್ಯೋ, ನೂರಾ ಹತ್ತಾ?" ಅಂತಾನೆ. ಸಿನಿಮಾ ಹಾಡಿಗೇ ಈ ದೂರು ಹೊರಿಸಬೇಡಿ, ಭೀಮಸೇನ ಜೋಶಿಯವರ ವೇಗದ ದ್ರುತ್ ತಾನಗಳಿಗೂ ಇದೇ ಶಕ್ತಿ ಇದೆ. ನಿಧಾನದ ವಿಲಂಬಿತದಲ್ಲಿ ಎಂಬತ್ತರಲ್ಲಿ ಹೋಗುತ್ತಿದ್ದ ಗಾಡಿ ದ್ರುತ್‌ಗೆ ಬರುವ ಹೊತ್ತಿಗೆ ಎಲ್ಲಿರುತ್ತದೆ ಅಂತ ಒಮ್ಮೆ ನೋಡಿಕೊಳ್ಳಿ. ನಮ್ಮ ಎದೆಬಡಿತ ಸುಮ್ಮನೆ ಕೂತಾಗ ನಿಮಿಷಕ್ಕೆ 60ರಿಂದ 100. ಹಾಡಿನ ತಾಳ ನಿಮಿಷಕ್ಕೆ 120 ಬಡಿತ ದಾಟಿದರೆ ಅದನ್ನು ವೇಗದ ಹಾಡು ಅಂತ ಎಣಿಸಿ, ಕ್ರೂಸ್ ಕಂಟ್ರೋಲ್ ಇದ್ದರೆ ಆ ಹೊತ್ತಿಗೆ ಬಳಸಿ.

ಜೊತೆಗೆ ಹಾಡಿಕೊಳ್ಳಬಹುದಾ ಅಂತ ನೀವು ಕೇಳಿಲ್ಲ, ಎಲ್ಲರೂ ಹಾಡಿಕೊಳ್ಳುತ್ತಾರೆ. ಖಾಲಿ ಹೈವೇಯಲ್ಲಿ ನನ್ನ ತಕರಾರಿಲ್ಲ. ಹಾಡಿನ ಏರಿಳಿತ ಸರಿಯಾಗಿ ಬರಬೇಕು ಅಂತ ಹಟಕ್ಕೆ ಬಿದ್ದರೆ ಮಾತ್ರ ಕಷ್ಟ.

ತಾಳಮದ್ದಳೆ ವಿಷಯದಲ್ಲಿ ನಾನು ಮಾವನವರ ಪಕ್ಷ, ಆದರೆ ಅರ್ಧ ದಾರಿಗೆ. ಮಾತು ಇರುವ ಯಾವುದೇ ಆಗಲಿ, ಅರ್ಥಗಾರಿಕೆ, ಕಥೆ, ಹರಟೆ, ಸಂದರ್ಶನ, ಇವು ಮನಸ್ಸನ್ನು ಹಾಡಿಗಿಂತ ಗಟ್ಟಿಯಾಗಿ ಹಿಡಿದುಕೊಳ್ಳುತ್ತವೆ. ಕೃಷ್ಣ ಏನಂದ, ಅದಕ್ಕೆ ಕೌರವ ಏನು ಉತ್ತರ ಕೊಟ್ಟಾನು ಅಂತ ಮನಸ್ಸು ಮುಂದೆ ಮುಂದೆ ಹೋಗುತ್ತಿರುತ್ತದೆ. ಬೇಸರದ ರಸ್ತೆಗೆ ಇದು ಒಳ್ಳೆಯ ಜೊತೆ. ಇನ್ನೊಂದು ಲಾಭ ಏನೆಂದರೆ, ವಾದದ ಎಳೆ ತಪ್ಪಿದರೆ ನಿಮಗೆ ತಕ್ಷಣ ಗೊತ್ತಾಗುತ್ತದೆ. ಎರಡು ಸಲ ಎಳೆ ತಪ್ಪಿತು ಅಂದರೆ ಗಾಡಿ ನಿಲ್ಲಿಸುವ ಹೊತ್ತಾಯಿತು ಅಂತಲೇ ತಿಳಿಯಿರಿ. ಹಾಡಿನಲ್ಲಿ ಈ ಸೌಲಭ್ಯ ಇಲ್ಲ, ನೂರು ಸಲ ಕೇಳಿದ ಹಾಡು ತಾನಾಗಿ ಹೋಗುತ್ತಿರುತ್ತದೆ. ಆದರೆ ಮಾತು ಹೀಗೆ ಹಿಡಿದುಕೊಳ್ಳುವುದರಿಂದಲೇ ಘಾಟಿಗೆ ಅದು ಸಲ್ಲ. ಜೊತೆಗೆ ಯಕ್ಷಗಾನದ ಚಂಡೆ ನಿಶ್ಶಬ್ದದ ಕಾರಿನಲ್ಲಿ ಒಮ್ಮೆಲೇ ಬಿದ್ದರೆ ಹಿಂದೆ ಮಲಗಿದ ಮಗು ಬೆಚ್ಚಿ ಏಳುತ್ತದೆ, ನೀವೂ ಬೆಚ್ಚುತ್ತೀರಿ.

ಘಾಟಿಯಲ್ಲಿ ಏನು ಹಾಕಬೇಕು? ಏನೂ ಬೇಡ. ಇದೊಂದರಲ್ಲಿ ನಾನು ಸಡಿಲ ಬಿಡುವುದಿಲ್ಲ. ಸಕಲೇಶಪುರ ದಾಟಿ ದೋಣಿಗಾಲ್‌ನಿಂದ ಗುಂಡ್ಯದವರೆಗೆ ಮ್ಯೂಸಿಕ್ ಆಫ್. ಇಳಿಜಾರಿನಲ್ಲಿ ಎಂಜಿನ್ ಸದ್ದೇ ನಿಮಗೆ ಗೇರ್ ಹೇಳುತ್ತದೆ, ಎಂಜಿನ್ ಹಿಡಿದುಕೊಂಡಿದೆಯೋ, ಬರೀ ಬ್ರೇಕ್ ಮೇಲೆ ಇಳಿಯುತ್ತಿದ್ದೀರೋ ಅಂತ ಕಿವಿಯಿಂದಲೇ ಗೊತ್ತಾಗಬೇಕು. ಮಂಗಳೂರು ಕಡೆಯಿಂದ ಏರಿ ಬರುವ ಟ್ಯಾಂಕರ್‌ಗಳ ಹಾರ್ನ್ ತಿರುವಿನ ಆಚೆಯಿಂದ ಕೇಳಬೇಕು. ಮಳೆಗಾಲದಲ್ಲಿ ಟೈರಿನಡಿ ನೀರಿನ ಸದ್ದು ಬದಲಾಗುವುದು, ಮೇಲಿಂದ ಕಲ್ಲುಮಣ್ಣು ಉರುಳುವುದು, ಇವೆಲ್ಲ ಮೊದಲು ಕಿವಿಗೇ ಬರುವ ಸುದ್ದಿ. ಬೇಸ್ ಜೋರಾಗಿದ್ದರೆ ಇಂಥ ಕೆಳಸ್ಥಾಯಿಯ ಸದ್ದುಗಳೇ ಮೊದಲು ಮುಚ್ಚಿಹೋಗುತ್ತವೆ.

ಇನ್ನೂ ಒಂದು ಕಿರಿಕಿರಿ ಇದೆ. ಘಾಟಿಯಲ್ಲಿ ಅಲ್ಲಲ್ಲಿ ನೆಟ್‌ವರ್ಕ್ ಇರುವುದಿಲ್ಲ. ಆನ್‌ಲೈನಿನಿಂದ ಬರುತ್ತಿದ್ದ ಹಾಡು ಮಧ್ಯೆ ನಿಂತುಬಿಡುತ್ತದೆ. ಆಗ ಚಾಲಕ ಏನು ಮಾಡುತ್ತಾನೆ? ಫೋನ್ ಕೈಗೆತ್ತಿಕೊಳ್ಳುತ್ತಾನೆ. ನನ್ನನ್ನು ಕೇಳಿದರೆ ಹಾಡಿಗಿಂತ ಹಾಡು ಹುಡುಕುವುದು ಹೆಚ್ಚು ಅಪಾಯ. ಅಮೆರಿಕದ ಹೆದ್ದಾರಿ ಸುರಕ್ಷತಾ ಇಲಾಖೆ 2013ರಲ್ಲಿ ಕಾರು ಕಂಪನಿಗಳಿಗೆ ಕೊಟ್ಟ ಸೂಚನೆಯಲ್ಲಿ ಒಂದು ಮಿತಿ ಇದೆ, ಸ್ಕ್ರೀನ್ ಮೇಲಿನ ಯಾವ ಕೆಲಸವೂ ಕಣ್ಣನ್ನು ಒಂದು ನೋಟಕ್ಕೆ 2 ಸೆಕೆಂಡಿಗಿಂತ ಹೆಚ್ಚು ರಸ್ತೆಯಿಂದ ಕದಿಯಬಾರದು. ಲಿಸ್ಟಿನಲ್ಲಿ ಹಾಡು ಹುಡುಕಿ ಒತ್ತೋಕೆ ಎರಡು ಸೆಕೆಂಡು ಸಾಕಾಗುತ್ತದಾ, ನೀವೇ ಹೇಳಿ. ನಮ್ಮಲ್ಲಿ ಮೋಟಾರು ವಾಹನ ಕಾಯ್ದೆಯ 184ನೇ ಕಲಂ ಪ್ರಕಾರ ಓಡಿಸುವಾಗ ಫೋನ್ ಕೈಯಲ್ಲಿ ಹಿಡಿದು ಬಳಸುವುದು ಅಪಾಯಕಾರಿ ಚಾಲನೆಯ ಲೆಕ್ಕಕ್ಕೇ ಬರುತ್ತದೆ, ಹಾಡು ಬದಲಾಯಿಸೋಕೆ ಅಂದರೂ ಬಿಡುವುದಿಲ್ಲ. ಮೊದಲ ಸಲಕ್ಕೆ ದಂಡ 1,000ದಿಂದ 5,000 ರೂಪಾಯಿವರೆಗೆ, ಜೈಲಿಗೂ ಅವಕಾಶ ಇದೆ. ಹಾಡುಗಳನ್ನು ಮೊದಲೇ ಡೌನ್‌ಲೋಡ್ ಮಾಡಿಕೊಳ್ಳಿ, ಇಲ್ಲ ಪೆನ್‌ಡ್ರೈವ್‌ಗೆ ಹಾಕಿ. ಬದಲಾಯಿಸುವ ಹಕ್ಕು ಪಕ್ಕದಲ್ಲಿ ಕೂತವರಿಗೆ ಕೊಟ್ಟುಬಿಡಿ. ಮಗಳ ಹಾಡೂ ಬರುತ್ತದೆ, ಸಹಿಸಿಕೊಳ್ಳಿ.

ಇಯರ್‌ಬಡ್ ಬೇಡ. ಒಂದು ಕಿವಿಗಾದರೂ ಬೇಡ. ಸದ್ದು ಯಾವ ದಿಕ್ಕಿನಿಂದ ಬಂತು ಅಂತ ತಿಳಿಯೋಕೆ ಎರಡು ಕಿವಿಯೂ ತೆರೆದಿರಬೇಕು. ಹೊರಗಿನ ಸದ್ದು ತಡೆಯುವ ಬಡ್ ಆದರಂತೂ ಎಂಜಿನ್ನಿನ ಗುಡುಗುಡು, ರಸ್ತೆಯ ಸದ್ದು ಎರಡನ್ನೂ ಅಳಿಸಿಹಾಕುತ್ತದೆ. ಮನೆಯವರ ನಿದ್ದೆ ಕೆಡಬಾರದು ಅನ್ನುವುದಷ್ಟೇ ಚಿಂತೆ ಆದರೆ ಅದಕ್ಕೆ ದಾರಿ ನಿಮ್ಮ ಸಿಸ್ಟಮ್ಮಿನಲ್ಲೇ ಇದೆ. ಸೌಂಡ್ ಸೆಟ್ಟಿಂಗಿನಲ್ಲಿ ಫೇಡರ್ ಮುಂದಕ್ಕೆ, ಬ್ಯಾಲೆನ್ಸ್ ಬಲಕ್ಕೆ ಎಳೆಯಿರಿ. ಆಗ ಚಾಲಕನ ಬಾಗಿಲಿನ ಸ್ಪೀಕರ್ ಮಾತ್ರ ಹಾಡುತ್ತದೆ. ಬಹಳ ಜನರಿಗೆ ಇದು ಇರುವುದೇ ಗೊತ್ತಿಲ್ಲ.

ವಾಲ್ಯೂಮ್ ಎಷ್ಟಿರಬೇಕು? ಗಾಜು ಮುಚ್ಚಿ ಹೈವೇಯಲ್ಲಿ ಹೋಗುವಾಗ ಒಳಗೆ ರಸ್ತೆಯ ಸದ್ದೇ ಸುಮಾರು 65ರಿಂದ 70 ಡೆಸಿಬಲ್ ಇರುತ್ತದೆ. ಅದರ ಮೇಲೆ ಕೇಳಿಸಲಿ ಅಂತ ಏರಿಸುತ್ತಾ ಹೋದರೆ 85 ಸುಲಭವಾಗಿ ದಾಟುತ್ತದೆ. 85ರಲ್ಲಿ ದಿನಕ್ಕೆ ಎಂಟು ಗಂಟೆ ಅನ್ನುವುದು ಕೆಲಸದ ಜಾಗಗಳಿಗೆ ಹಾಕಿರುವ ಮಿತಿ. ಪ್ರತಿ 3 ಡೆಸಿಬಲ್ ಏರಿದಾಗಲೂ ಆ ಸಮಯ ಅರ್ಧಕ್ಕೆ ಇಳಿಯುತ್ತದೆ, 91 ಆದರೆ ಬರೀ ಎರಡು ಗಂಟೆ. ಮೀಟರ್ ಬೇಕಾಗಿಲ್ಲ, ಬೆಳಗ್ಗೆ ಕಾರು ಸ್ಟಾರ್ಟ್ ಮಾಡಿದಾಗ ರಾತ್ರಿ ಬಿಟ್ಟ ವಾಲ್ಯೂಮಿಗೆ ನೀವೇ ಗಾಬರಿಯಾಗಿ ಗುಂಡಿ ಹುಡುಕುತ್ತೀರಾ ನೋಡಿ. ಹಾಗಾದರೆ ರಾತ್ರಿ ಜಾಸ್ತಿಯೇ ಇತ್ತು. ವೇಗಕ್ಕೆ ತಕ್ಕ ಹಾಗೆ ವಾಲ್ಯೂಮ್ ತಾನೇ ಏರಿಳಿಯುವ ಸೆಟ್ಟಿಂಗ್ ಹಲವು ಕಾರುಗಳಲ್ಲಿದೆ, ಆನ್ ಮಾಡಿಕೊಳ್ಳಿ. ಗಂಟೆಗಟ್ಟಲೆ ಜೋರು ಸದ್ದಿನಲ್ಲಿ ಕೂರುವುದೇ ಒಂದು ದಣಿವು, ಅದು ಕೊನೆಗೆ ನಿದ್ದೆಯ ಲೆಕ್ಕಕ್ಕೇ ಸೇರುತ್ತದೆ.

ಹಾಗಾದರೆ ಪ್ಲೇಲಿಸ್ಟ್? ನಗರ ದಾಟುವವರೆಗೆ ಮೆಲ್ಲಗೆ ಏನೋ ಒಂದು, ರೇಡಿಯೊ ಆದರೂ ಸಾಕು. ನೆಲಮಂಗಲ ಬಿಟ್ಟ ಮೇಲೆ ನಿಮ್ಮ ಇಷ್ಟದ ಹಾಡು, ಆದರೆ ತೀರಾ ವೇಗದ್ದನ್ನು ಒಂದರ ಹಿಂದೆ ಒಂದು ಪೇರಿಸಬೇಡಿ, ಮಧ್ಯೆ ಮಧ್ಯೆ ಸಿ. ಅಶ್ವಥ್ ಅವರ ಗಟ್ಟಿ ದನಿಯ ಭಾವಗೀತೆಯೋ ಜಾನಪದವೋ ಇರಲಿ. ಹೊಸ ಹಾಡಿಗಿಂತ ಪರಿಚಯದ ಹಾಡು ವಾಸಿ, ಸಾಹಿತ್ಯ ಹಿಡಿಯೋಕೆ ಮಿದುಳು ಒದ್ದಾಡುವುದಿಲ್ಲ. ಚನ್ನರಾಯಪಟ್ಟಣದ ಆಚೆ ತಾಳಮದ್ದಳೆ. ಘಾಟಿಯಲ್ಲಿ ಮೌನ. ಗುಂಡ್ಯ ಇಳಿದ ಮೇಲೆ ಮತ್ತೆ ಏನು ಬೇಕಾದರೂ, ಎಚ್ಚರ ಇದ್ದರೆ.

ಆ "ಎಚ್ಚರ ಇದ್ದರೆ" ಅನ್ನುವುದನ್ನು ಹಾಡು ಕೊಡಲಾರದು, ಅದಕ್ಕೆ ಬೇರೆಯೇ ವ್ಯವಸ್ಥೆ ಬೇಕು. ಹಾಸನದಲ್ಲಿ ಬೆಳಕಿರುವ, ಜನ ಓಡಾಡುವ ಬಂಕಿನಲ್ಲಿ ನಿಲ್ಲಿಸಿ. ಒಂದು ಸ್ಟ್ರಾಂಗ್ ಕಾಫಿ ಕುಡಿದು, ಕೂಡಲೇ ಸೀಟು ಒರಗಿಸಿ ಹದಿನೈದು ಇಪ್ಪತ್ತು ನಿಮಿಷ ಮಲಗಿ. ಕಾಫಿ ಕೆಲಸ ಶುರು ಮಾಡೋಕೆ ಹೆಚ್ಚುಕಡಿಮೆ ಅಷ್ಟೇ ಹೊತ್ತು ಬೇಕು, ಎದ್ದಾಗ ಎರಡೂ ಒಟ್ಟಿಗೆ ಸಿಗುತ್ತವೆ. ಹಾಡು, ಗಾಳಿಯನ್ನು ಪರೀಕ್ಷಿಸಿದ ಅದೇ ಲಫ್‌ಬರೊದವರ ಪ್ರಯೋಗಗಳಲ್ಲಿ ಪಾಸಾದದ್ದು ಕಾಫಿ ಮತ್ತು ಈ ಸಣ್ಣ ನಿದ್ದೆ. ಅರ್ಧ ಗಂಟೆ ಮೀರಿ ಮಲಗಿದರೆ ಎದ್ದ ಮೇಲೆ ಮಂಪರು ಹಿಡಿಯುತ್ತದೆ, ಅಲಾರಂ ಇಡಿ. ಎದ್ದ ತಕ್ಷಣ ಹೊರಡಬೇಡಿ, ಮುಖ ತೊಳೆದು ನಾಲ್ಕು ಹೆಜ್ಜೆ ಓಡಾಡಿ. ಇದರಿಂದಲೂ ಸಿಗುವುದು ಒಂದೆರಡು ಗಂಟೆ ಮಾತ್ರ, ಇಡೀ ರಾತ್ರಿ ಸಿಗುವುದಿಲ್ಲ.

ಹೆದ್ದಾರಿ ಅಂಚಿನಲ್ಲಿ, ಅಂದರೆ ರಸ್ತೆ ಪಕ್ಕದ ಮಣ್ಣಿನ ಮೇಲೆ, ದಯವಿಟ್ಟು ನಿಲ್ಲಿಸಿ ಮಲಗಬೇಡಿ. ಹಿಂದಿನಿಂದ ಬರುವವನಿಗೂ ನಿದ್ದೆ ಇರಬಹುದು.

ಶನಿವಾರ ಬೆಳಗ್ಗೆ ಐದಕ್ಕೆ ಹೊರಡುವುದು ಇನ್ನೊಂದು ದಾರಿ. ಬೆಳಕಿನಲ್ಲಿ ಘಾಟಿ ಸಿಗುತ್ತದೆ, ಮಗಳಿಗೂ ನೋಡೋಕೆ ಚೆನ್ನ. ಆದರೆ ಹಿಂದಿನ ರಾತ್ರಿ ಹನ್ನೆರಡರವರೆಗೆ ಬ್ಯಾಗ್ ತುಂಬುತ್ತಾ ಕೂತು ನಾಲ್ಕಕ್ಕೆ ಎದ್ದರೆ ಏನೂ ಬದಲಾಗಲಿಲ್ಲ. ಹತ್ತಕ್ಕೆ ಮಲಗೋಕೆ ಆಗುತ್ತದೆ ಅಂದರೆ ಮಾತ್ರ ಇದು ಒಳ್ಳೆಯ ಆಯ್ಕೆ. ಹಾಸನದಲ್ಲಿ ರೂಮು ಮಾಡುವುದಕ್ಕೆ ದುಡ್ಡು ಖರ್ಚು, ಪ್ರತಿ ತಿಂಗಳು ಕಷ್ಟ. ಊರಿನಲ್ಲಿ ಕಾರು ಬೇಡವಾದ ತಿಂಗಳು ರಾತ್ರಿ ರೈಲು ಹಿಡಿಯಿರಿ, ಕಬಕ ಪುತ್ತೂರಿನಲ್ಲಿ ನಿಲ್ಲುತ್ತದೆ. ಅಲ್ಲಿ ಎರಡು ಕಿವಿಗೂ ಇಯರ್‌ಬಡ್ ಹಾಕಿಕೊಂಡು ಎಷ್ಟು ಬೇಸ್ ಬೇಕೋ ಅಷ್ಟು ಕೇಳಿ.

ಕೊನೆಗೆ ಒಂದು ಪ್ರಶ್ನೆಯನ್ನು ನಿಮಗಿಂತ ನಿಮ್ಮ ಮನೆಯವರಿಗೇ ಕೇಳಬೇಕು. ನೀವು ಗೊರಕೆ ಹೊಡೆಯುತ್ತೀರಾ, ಮಧ್ಯೆ ಉಸಿರು ನಿಂತ ಹಾಗಾಗಿ ಎದ್ದುಬಿಡುತ್ತೀರಾ? ಏಳೆಂಟು ಗಂಟೆ ಮಲಗಿದ ದಿನವೂ ಆಫೀಸಿನಲ್ಲಿ ಮಧ್ಯಾಹ್ನ ಕಣ್ಣು ಎಳೆಯುತ್ತದಾ? ಎರಡಕ್ಕೂ ಹೌದು ಅಂದರೆ ನಿದ್ದೆಯಲ್ಲಿ ಉಸಿರುಗಟ್ಟುವ ತೊಂದರೆ ಇರಬಹುದು. ಅದಕ್ಕೆ ಪರೀಕ್ಷೆ ಇದೆ, ಚಿಕಿತ್ಸೆಯೂ ಇದೆ. ಮುಂದಿನ ಸಲ ಸ್ಟೇರಿಂಗ್ ಹಿಡಿಯುವ ಮೊದಲು ಡಾಕ್ಟರ ಹತ್ತಿರ ತೋರಿಸಿಕೊಳ್ಳಿ.